ಸ್ಕಂದಗಿರಿ ಸೀಮೆಯಲ್ಲಿ ಹಿರಿಯರಿಗೆ ನೆರೆಯ ಆಸರೆ

ಚಿಕ್ಕಬಳ್ಳಾಪುರ ಪಟ್ಟಣದ ಪಕ್ಕದಲ್ಲೇ ಎದ್ದು ನಿಂತಿರುವ ಕಳವಾರ ಬೆಟ್ಟಕ್ಕೆ ಸ್ಕಂದಗಿರಿ ಎಂಬ ಇನ್ನೊಂದು ಹೆಸರಿದೆ. ಸುಮಾರು 1,450 ಮೀಟರ್ ಎತ್ತರದ ಈ ಬೆಟ್ಟವನ್ನು ಬೆಂಗಳೂರಿನ ಚಾರಣಿಗರು ನಸುಕಿನ ಮೋಡ ನೋಡಲು ಹತ್ತುತ್ತಾರೆ. ಬುಡದ ಊರುಗಳಲ್ಲಿ ಆ ಹೊತ್ತಿಗೆ ಎದ್ದು ಒಲೆ ಹಚ್ಚಿರುವವರು ಹೆಚ್ಚಾಗಿ ವಯಸ್ಸಾದವರು. ಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಮುದುಕರನ್ನು, ಒಂಟಿ ಹೆಂಗಸರನ್ನು, ಅಂಗವಿಕಲರನ್ನು, ಹಾಸಿಗೆ ಹಿಡಿದವರನ್ನು ನೆರೆಹೊರೆಯವರೂ ಸಂಘಗಳೂ ಗ್ರಾಮ ಮಟ್ಟದ ಕಾರ್ಯಕರ್ತರೂ ನೋಡಿಕೊಳ್ಳುತ್ತಿರುವ ಬಗೆಯೇ ಈ ಲೇಖನದ ವಿಷಯ.

‘ಸ್ವಯಂಸೇವೆ’ ಕಾಗದದ ಮೇಲಿನ ಮಾತು. ಈ ಸೀಮೆಯ ಹಳ್ಳಿಗಳಲ್ಲಿ ಜನ ‘ನೋಡ್ಕೊಳ್ಳೋದು’ ಅನ್ನುತ್ತಾರೆ, ‘ಆಸರೆ ಆಗೋದು’ ಅನ್ನುತ್ತಾರೆ, ಇನ್ನೂ ಹಗುರವಾಗಿ ‘ಹೋಗಿ ಮಾತಾಡಿಸ್ಕೊಂಡು ಬರೋದು’ ಅನ್ನುತ್ತಾರೆ. ಯಾವ ಪಟ್ಟಿಯಲ್ಲೂ ಸೇರದ ಈ ಕೆಲಸವೇ ಇಲ್ಲಿನ ಹಿರಿಯರ ಬದುಕಿನ ಬಹುಪಾಲು ಭಾರ ಹೊತ್ತಿದೆ. ಸರಕಾರದ ಮಾಸಾಶನವಾಗಲಿ, ಆಸ್ಪತ್ರೆಯ ಮಾತ್ರೆಯಾಗಲಿ ಹೊಸ್ತಿಲು ದಾಟಿ ಒಳಗೆ ಹೋಗುವುದು ಇದರ ಕೈಹಿಡಿದೇ.

ನೆಲ, ನೀರು, ವಲಸೆ

ಕೋಲಾರ ಜಿಲ್ಲೆಯನ್ನು ಒಡೆದು ಚಿಕ್ಕಬಳ್ಳಾಪುರ ಜಿಲ್ಲೆಯನ್ನು ರಚಿಸಿದ್ದು 2007ರಲ್ಲಿ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 12,55,104. ಮುಕ್ಕಾಲು ಪಾಲಿಗಿಂತ ಹೆಚ್ಚಿನವರು ಹಳ್ಳಿಯವರು. ಅದೇ ಗಣತಿಯಲ್ಲಿ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ 9.5ರಷ್ಟಿದ್ದರು, ಅಂದರೆ ಸುಮಾರು 58 ಲಕ್ಷ. ದೇಶದ ಸರಾಸರಿ 8.6.

ಬೆಂಗಳೂರು ಇಲ್ಲಿಂದ 60 ಕಿಲೋಮೀಟರ್ ಆಸುಪಾಸಿನಲ್ಲಿದೆ. ಈ ಹತ್ತಿರವೇ ಹಿರಿಯರ ಪಾಲಿಗೆ ಒಂದು ಬಗೆಯ ದೂರವಾಗಿದೆ. ದೂರದ ಜಿಲ್ಲೆಗಳಿಂದ ವಲಸೆ ಹೋದವರು ಊರು ಬಿಟ್ಟರೆಂದು ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿನ ಮಕ್ಕಳು ಬೆಳಗಿನ ಬಸ್ಸಿಗೋ ರೈಲಿಗೋ ಹೊರಟು ರಾತ್ರಿ ಬರುತ್ತಾರೆ, ಆಮೇಲೆ ವಾರಕ್ಕೊಮ್ಮೆ ಬರುತ್ತಾರೆ, ಕೊನೆಗೆ ಹಬ್ಬಕ್ಕೆ ಬರುತ್ತಾರೆ. ಪಡಿತರ ಚೀಟಿಯಲ್ಲಿ ಮಗ ಮನೆಯಲ್ಲೇ ಇದ್ದಾನೆ. ಹಗಲು ಹೊತ್ತು ಹೋಗಿ ನೋಡಿದರೆ ತಾಯಿ ಒಬ್ಬಳೇ.

ನಂದಿ ಬೆಟ್ಟಸಾಲು ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ ನದಿಗಳ ಹುಟ್ಟುನೆಲ. ಆದರೂ ವರ್ಷವಿಡೀ ಹರಿಯುವ ಹೊಳೆ ಜಿಲ್ಲೆಗೆ ಒಂದೂ ಇಲ್ಲ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದ ಮೇಲೆ ನೀರಿನ ಜತೆ ಫ್ಲೋರೈಡ್ ಕೂಡ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಇಲ್ಲಿನ ಎಷ್ಟೋ ಕೊಳವೆಬಾವಿಗಳು ಮೀರಿವೆ. ಮಕ್ಕಳಲ್ಲಿ ಅದು ಹಲ್ಲಿನ ಕಂದುಗೆರೆಯಾಗಿ ಕಾಣುತ್ತದೆ. ದಶಕಗಟ್ಟಲೆ ಕುಡಿದವರಲ್ಲಿ ಮೂಳೆಗಿಳಿದು ಕತ್ತು, ಬೆನ್ನು, ಮಂಡಿಗಳನ್ನು ಬಿಗಿದು ಹಾಕುತ್ತದೆ. ಕೂತರೆ ಏಳಲಾಗದ, ಎದ್ದರೆ ಬಗ್ಗಲಾಗದ ಮುಪ್ಪು ಈ ನೆಲದಲ್ಲಿ ವಯಸ್ಸಿನಿಂದ ಮಾತ್ರ ಬಂದದ್ದಾಗಿರಬೇಕಿಲ್ಲ. ನೀರಿನದೂ ಅದರಲ್ಲಿ ಪಾಲಿರಬಹುದು.

ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ತುಂಬಿದ ಕ್ಯಾನಿನ ತೂಕ 20 ಕಿಲೋ ಮೀರುತ್ತದೆ. ಯಾರ ಮೂಳೆಗೆ ಆ ನೀರು ಎಲ್ಲರಿಗಿಂತ ಹೆಚ್ಚು ಬೇಕೋ ಅವರಿಂದಲೇ ಅದನ್ನು ಎತ್ತಲಾಗದು. ಸಂಜೆ ಹೊತ್ತು ಘಟಕದ ಮುಂದೆ ನಿಂತು ನೋಡಬೇಕು. ಹುಡುಗರು ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಕ್ಯಾನ್, ಹಿಂದಿನ ಸೀಟಿಗೆ ಕಟ್ಟಿ ಇನ್ನೊಂದು ಕ್ಯಾನ್ ಒಯ್ಯುತ್ತಾರೆ. ಎರಡನೆಯದು ಅನೇಕ ಸಲ ಅವರ ಮನೆಯದಲ್ಲ. ಬೀದಿಯ ಕೊನೆಯ ಅಜ್ಜಿಯ ಬಾಗಿಲಲ್ಲಿ ಇಳಿಸಿ, ಕ್ಯಾನ್ ಓರೆಮಾಡಿ ಕೊಡಕ್ಕೆ ಬಗ್ಗಿಸಿಕೊಟ್ಟು, ಖಾಲಿ ಕ್ಯಾನ್ ತಗೊಂಡು ಹೋಗುತ್ತಾರೆ. ಸೇವೆ ಎಂಬ ಮಾತು ಆ ಹುಡುಗರ ತಲೆಗೂ ಹೊಳೆದಿರುವುದಿಲ್ಲ. ಫ್ಲೋರೈಡಿನಿಂದ ಬರುವ ಫ್ಲೋರೋಸಿಸ್ ಕಾಯಿಲೆಯನ್ನು ತಡೆಯುವ ಕೆಲಸದ ಒಂದು ತುದಿ ಅವರ ಕೈಯಲ್ಲಿದೆ.

ನೆರೆಮನೆಯ ರೂಢಿ

ಗೋಡೆಯಾಚೆಯಿಂದ ಬಟ್ಟಲು ದಾಟಿಸುವುದು ಇಲ್ಲಿನ ಅತಿ ಹಳೆಯ ಆಸರೆ. ರಾಗಿ ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯುವಂತಿಲ್ಲ, ಹೀಗಾಗಿ ಹಲ್ಲು ಹೋದವರಿಗೂ ಅದು ಒಗ್ಗುವ ಊಟ. ಜತೆಗೊಂದು ಸೌಟು ಬಸ್ಸಾರು ಸಾಕು. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ ಸಾರು ಮಾಡಿದ ಮನೆ ಪಕ್ಕದ ಒಂಟಿ ಜೀವಕ್ಕೆ ಒಂದು ಬಟ್ಟಲು ಕೊಡದೆ ತಾನು ಉಂಡರೆ ಬೀದಿಯಲ್ಲಿ ಮಾತು ಬರುತ್ತದೆ. ಬಟ್ಟಲು ವಾಪಸು ಬರುವಾಗ ಖಾಲಿ ಬರುವುದಿಲ್ಲ: ನಾಲ್ಕು ಹಸಿಮೆಣಸಿನಕಾಯಿಯೋ ಹಿಡಿ ಕರಿಬೇವೋ ಅದರಲ್ಲಿರುತ್ತದೆ. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬ ಗೆರೆಯನ್ನು ಆ ಹಿಡಿ ಕರಿಬೇವು ಅಳಿಸುತ್ತದೆ. ವೃದ್ಧಾಶ್ರಮದ ತಟ್ಟೆಗೂ ಈ ಬಟ್ಟಲಿಗೂ ಇರುವ ವ್ಯತ್ಯಾಸ ಇಲ್ಲಿದೆ.

ಇನ್ನೊಂದು ನೆಲೆ ಹಾಲಿನ ಡೈರಿ. ಹಳೆಯ ಕೋಲಾರ ಜಿಲ್ಲೆಯ ಬಹುತೇಕ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ, ಒಂದು ಹಸು ಕಟ್ಟಿಕೊಂಡು ಬದುಕುವ ಮುದುಕರು ಕಡಿಮೆಯಿಲ್ಲ. ಬೆಳಿಗ್ಗೆ, ಸಂಜೆ ಹಾಲು ಹಾಕಲು ಬರುವುದೆಂದರೆ ದಿನಕ್ಕೆರಡು ಸಲ ಹಾಜರಿ ಹಾಕಿದಂತೆ. ‘ಇವತ್ತು ಮುನಿಯಪ್ಪನ ಹಾಲು ಬಂದಿಲ್ವಲ್ಲ’ ಎಂದು ಡೈರಿ ಹುಡುಗ ಒಂದು ಮಾತು ಅಂದರೆ, ಸಾಲಲ್ಲಿ ನಿಂತಿದ್ದ ಯಾರೋ ಹಿಂತಿರುಗುವ ದಾರಿಯಲ್ಲಿ ಆ ಮನೆಯ ಬಾಗಿಲು ತಟ್ಟುತ್ತಾರೆ. ಹಸು ಮಾರಿದ ದಿನ ಆ ಮುದುಕ ಈ ಲೆಕ್ಕದಿಂದ ಜಾರುತ್ತಾನೆ. ಹಸು ಹೋದ ಮೇಲೆ ಮಂಕಾಗುವ ಹಿರಿಯರನ್ನು ಕಂಡವರಿಗೆ ಇದು ಹಾಲಿನ ದುಡ್ಡಿನ ಚಿಂತೆಯಷ್ಟೇ ಆಗಿರಲಾರದು ಅನ್ನಿಸುತ್ತದೆ.

ಆಂಧ್ರದ ಗಡಿಯ ಸೀಮೆಯಾದ್ದರಿಂದ ಬೀದಿಯಲ್ಲಿ ಕನ್ನಡ, ಮನೆಯೊಳಗೆ ತೆಲುಗು ಆಡುವ ಕುಟುಂಬಗಳು ಬಹಳ. ಎಷ್ಟೋ ಹಿರಿಯ ಹೆಂಗಸರಿಗೆ ಕಷ್ಟಸುಖ ತೋಡಿಕೊಳ್ಳಲು ಬರುವುದು ತೆಲುಗಿನಲ್ಲೇ. ‘ಹೇಗಿದೀಯಜ್ಜಿ’ ಅಂದರೆ ‘ಚೆನ್ನಾಗಿದೀನಪ್ಪ’ ಎಂದು ಮುಗಿಸುವವರು ‘ಬಾಗುನ್ನಾವಾ ಅವ್ವಾ’ ಅಂದ ಕೂಡಲೇ ಕೂತು ಸೊಂಟದ ನೋವಿನಿಂದ ಸೊಸೆಯ ಮೌನದವರೆಗೆ ಎಲ್ಲ ಹೇಳುತ್ತಾರೆ. ಹೊರಗಿನಿಂದ ಬಂದ ಸಮೀಕ್ಷೆಯವರಿಗೆ ಸಿಗುವ ಉತ್ತರವೂ ಊರಿನವಳಿಗೆ ಸಿಗುವ ಉತ್ತರವೂ ಬೇರೆಬೇರೆಯಾಗುವುದಕ್ಕೆ ಇದೂ ಒಂದು ಕಾರಣ.

ಸವೆದ ಬೆರಳುಗಳು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನಾಡಿನ ದೊಡ್ಡ ಮಾರುಕಟ್ಟೆಗಳಲ್ಲೊಂದು. ಊರಿನ ಓಣಿಗಳಲ್ಲಿ ನೂಲು ಬಿಚ್ಚುವ ಘಟಕಗಳಿವೆ. ಬಿಸಿನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹುಡುಕಿ ತೆಗೆಯುವ ಕೆಲಸದಲ್ಲಿ ಹೆಂಗಸರ ಬೆರಳು ವರ್ಷಗಟ್ಟಲೆ ನೆನೆಯುತ್ತವೆ. ಚರ್ಮ ಬೆಳ್ಳಗೆ ಮೆತ್ತಗಾಗಿ, ಬಿರಿದು, ಹುಣ್ಣಾಗುತ್ತದೆ. ಹೊಗೆಗೂ ಸತ್ತ ಹುಳುವಿನ ವಾಸನೆಗೂ ಉಬ್ಬಸ ಅಂಟುತ್ತದೆ. ಐವತ್ತಕ್ಕೇ ಮುದುಕಿಯಾದೆ ಅನ್ನುವವರು ಇಲ್ಲಿ ಸಿಗುತ್ತಾರೆ. ಆದರೆ ಸರಕಾರದ ಲೆಕ್ಕದಲ್ಲಿ ಹಿರಿಯ ನಾಗರಿಕರಾಗಲು 60 ಆಗಬೇಕು, ಸಂಧ್ಯಾ ಸುರಕ್ಷಾ ಮಾಸಾಶನಕ್ಕೆ 65.

ಅಂಥವಳು ಪಡಿತರ ಅಂಗಡಿಯಲ್ಲಿ ಬೆರಳಚ್ಚು ಕೊಡುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಯಂತ್ರದ ಗಾಜಿನ ಮೇಲೆ ಹೆಬ್ಬೆರಳಿಟ್ಟರೆ ಕೆಂಪು ಗುರುತು. ಸೆರಗಿನಲ್ಲಿ ಒರೆಸಿ ಇಟ್ಟರೂ ಕೆಂಪು. ತೋರುಬೆರಳು, ನಡುಬೆರಳು, ಎಡಗೈ. ಹಿಂದಿನವರು ಗೊಣಗುತ್ತಾರೆ. ಆಗ ಸಾಲಿನಿಂದ ಒಬ್ಬಳು ಮುಂದೆ ಬಂದು ತಲೆಗೆ ಹಚ್ಚಿದ ಎಣ್ಣೆಯನ್ನೇ ಬೆರಳಿಗೆ ತೀಡಿ, ಉಜ್ಜಿ ಬಿಸಿಮಾಡಿ, ಅವಳ ಕೈಮೇಲೆ ತನ್ನ ಕೈಯಿಟ್ಟು ಮೆಲ್ಲಗೆ ಒತ್ತುತ್ತಾಳೆ. ಹಸಿರು ಬಂದರೆ ಸರಿ. ಬಾರದಿದ್ದರೆ ‘ನಾಳೆ ನಾನೇ ಕರ್ಕೊಂಡು ಬರ್ತೀನಿ, ಬಾರಕ್ಕ’ ಎಂದು ಕೈಹಿಡಿದು ಹೊರಡುತ್ತಾಳೆ. ಯೋಜನೆ ರೂಪಿಸುವ ಕೋಣೆಗಳಲ್ಲಿ ಈ ಎರಡನೆಯ ಹೆಂಗಸಿನ ಸುದ್ದಿಯೇ ಬರುವುದಿಲ್ಲ. ಅವಳಿಲ್ಲದಿದ್ದರೆ ಮೊದಲನೆಯವಳಿಗೆ ಆ ತಿಂಗಳು ಅಕ್ಕಿಯಿಲ್ಲ.

ಮಠ, ಮಿಷನ್, ಸಂಘ

ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಯತೀಂದ್ರರನ್ನು ಜನ ಕರೆಯುವುದು ‘ತಾತಯ್ಯ’ ಎಂದು. ಬಳೆ ಮಾರುತ್ತಿದ್ದ ಈ ಸಂತ ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಸಂಪ್ರದಾಯದ ಪ್ರಕಾರ 1726ರಿಂದ 1836ರವರೆಗೆ 110 ವರ್ಷ ಬಾಳಿದವರು. ಒಂದು ಸೀಮೆ ತನ್ನ ದೊಡ್ಡ ಗುರುವನ್ನು ಅಜ್ಜನ ಹೆಸರಿನಿಂದ ಕರೆಯುತ್ತದೆ ಎಂಬುದು ಅಲ್ಲಿ ಮುಪ್ಪಿಗಿರುವ ಮನ್ನಣೆಯ ಗುರುತು. ಕೈವಾರದ ಮಠದಲ್ಲಿ ಅನ್ನದಾನ ನಡೆದು ಬಂದಿದೆ. ಹುಣ್ಣಿಮೆಗೆಂದು ಬಂದು ಊಟ ಮಾಡಿ, ಭಜನೆಯಲ್ಲಿ ಕೂತು ಹೋಗುವ ಹಿರಿಯರಿಗೆ ಅದು ತಿಂಗಳಿಗೊಮ್ಮೆ ನಾಲ್ಕು ಜನರ ಮುಖ ನೋಡುವ ದಿನವೂ ಹೌದು.

ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರು ಕಟ್ಟಿದ ಆಸ್ಪತ್ರೆ, ಇಂದಿನ ಸಿಎಸ್‌ಐ ಆಸ್ಪತ್ರೆ, ಸರಕಾರಿ ವೈದ್ಯ ಸೌಲಭ್ಯ ವಿರಳವಾಗಿದ್ದ ಕಾಲದಲ್ಲಿ ಸುತ್ತಲಿನ ತಾಲ್ಲೂಕುಗಳಿಗೆ ಆಧಾರವಾಗಿತ್ತು. ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ಇತ್ತೀಚೆಗೆ ಉಚಿತ ಚಿಕಿತ್ಸೆಯ ಆಸ್ಪತ್ರೆಯೂ 2023ರಲ್ಲಿ ವೈದ್ಯಕೀಯ ಕಾಲೇಜೂ ಆರಂಭವಾಗಿವೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರ ಬದುಕು ಇಲ್ಲಿ ನೆನೆಯತಕ್ಕದ್ದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳನ್ನು ಬೆಳೆಸಿದ ಈ ಅವಿವಾಹಿತ ಮೇಷ್ಟ್ರು 2005ರಲ್ಲಿ ತೀರಿಕೊಳ್ಳುವವರೆಗೂ ಬಸವನಗುಡಿಯ ಕಾಲೇಜು ಹಾಸ್ಟೆಲಿನ ಕೋಣೆಯನ್ನೇ ಮನೆ ಮಾಡಿಕೊಂಡಿದ್ದರು. ರಕ್ತಸಂಬಂಧದ ಮನೆಯಿಲ್ಲದೆಯೂ ಎಳೆಯರ ನಡುವೆ, ಕೆಲಸದ ನಡುವೆ ಮುಪ್ಪನ್ನು ತುಂಬಿಕೊಳ್ಳಬಹುದೆಂಬುದಕ್ಕೆ ಆ ಕೋಣೆ ಒಂದು ನಿದರ್ಶನ.

ಭೂಮಿಯಿಲ್ಲದ ಕೂಲಿಗಳ ಮುಪ್ಪಿನ ಕಥೆ ಬೇರೆ. ಅವರಿಗೆ ಹೊಲದ ಆಸೆಗಾದರೂ ನೋಡಿಕೊಳ್ಳುವ ಮಕ್ಕಳಿಲ್ಲ. ಮೈ ಬಗ್ಗುವುದು ನಿಂತ ದಿನ ಆದಾಯವೂ ನಿಂತಿತು. ಬಾಗೇಪಲ್ಲಿಯಲ್ಲಿ 1977ರಲ್ಲಿ ಕೆಲಸ ಶುರುಮಾಡಿದ ಅಡಾಟ್ಸ್ ಸಂಸ್ಥೆಯ ಒತ್ತಾಸೆಯಿಂದ ಬೆಳೆದ ಕೂಲಿ ಸಂಘ ಮುಂದೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗುಡಿಬಂಡೆ ತಾಲ್ಲೂಕುಗಳಿಗೂ ಹಬ್ಬಿತು. ಊರಿನ ಕೂಲಿಕಾರರು ಒಂದೆಡೆ ಕೂಡಿ ತಮ್ಮವರ ಕಷ್ಟ ಮಾತಾಡಿಕೊಳ್ಳುವ ಅಭ್ಯಾಸವನ್ನು ಅದು ಕಟ್ಟಿತು. 2000ದ ನಂತರ ರಾಜ್ಯದಲ್ಲಿ ಬೆಳೆದ ಸ್ತ್ರೀಶಕ್ತಿ ಗುಂಪುಗಳು, ಆಮೇಲಿನ ಸಂಜೀವಿನಿ ಒಕ್ಕೂಟಗಳು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳು ಬೀದಿಬೀದಿಗೂ ವಾರದ ಸಭೆಯನ್ನು ತಂದವು. ಉಳಿತಾಯ ಸಾಲದ ಈ ಗುಂಪುಗಳು ಹಿರಿಯರಿಗೆಂದೇ ಹುಟ್ಟಿದವಲ್ಲ. ವಯಸ್ಸಾದವರು ಕಂತು ಕಟ್ಟಲಾರರೆಂದು ಅವರನ್ನು ಸೇರಿಸಿಕೊಳ್ಳಲು ಹಿಂಜರಿದ ಗುಂಪುಗಳೂ ಇವೆ. ಹಿರಿಯರು, ಅಂಗವಿಕಲರು ಐದೇ ಜನರಾದರೂ ಪ್ರತ್ಯೇಕ ಗುಂಪು ಕಟ್ಟಿಕೊಳ್ಳಬಹುದೆಂಬ ಅವಕಾಶ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದಲ್ಲಿದೆ. ಅದರ ಬಳಕೆ ಹೆಚ್ಚಬೇಕು.

ಸರಕಾರದ ಕೈ, ಊರಿನ ಕಾಲು

2007 ಹಿರಿಯರ ಮಟ್ಟಿಗೆ ಮುಖ್ಯ ವರ್ಷ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ಆ ವರ್ಷ ಬಂತು. 65 ತುಂಬಿದ ಬಡವರಿಗೆ ಈಗ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕೇಂದ್ರ ಕಾಯಿದೆಯೂ ಅದೇ ವರ್ಷದ್ದು. ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ಆ ಷರತ್ತು ಮುರಿದರೆ ಹಿಂಪಡೆಯಲು ಸಾಧ್ಯ. ಈ ಕಾಯಿದೆಯ ಒಂದು ಅಂಶ ಸ್ವಯಂಸೇವಕರಿಗೆ ಗೊತ್ತಿರಲೇಬೇಕು: ಹಿರಿಯರು ಸ್ವತಃ ಹೋಗಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಅವರ ಪರವಾಗಿ ಅರ್ಜಿ ಸಲ್ಲಿಸಬಹುದು. ಆದರೂ ಎಷ್ಟೋ ತಾಯಂದಿರು ಕಚೇರಿಯ ಮೆಟ್ಟಿಲವರೆಗೆ ಬಂದು ‘ಮಗನ ಮೇಲೆ ಕೇಸು ಹಾಕ್ಲಾ?’ ಎಂದು ಹಿಂತಿರುಗುತ್ತಾರೆ. ಅಲ್ಲಿ ಕಾನೂನು ಬಲ್ಲವರಿಗಿಂತ ಆ ಮಗನಿಗೂ ಹತ್ತಿರದವನಾದ, ನಾಲ್ಕು ಮಾತು ಹೇಳಬಲ್ಲ ಸೋದರಮಾವನಂಥವನೇ ಬೇಕಾಗುತ್ತಾನೆ.

ಸರಕಾರದ ಕೆಲಸವನ್ನು ಮನೆಮನೆಗೆ ಒಯ್ಯುವವರು ಸಾಮಾನ್ಯವಾಗಿ ಇಬ್ಬರು. ಸಾವಿರ ಜನಕ್ಕೊಬ್ಬರಂತಿರುವ ಆಶಾ ಕಾರ್ಯಕರ್ತೆ ಬಾಣಂತಿ, ಮಗುವಿನ ಆರೈಕೆಗೆಂದು ಬಂದವಳು. ಈಗ ಬಿಪಿ, ಸಕ್ಕರೆ ಕಾಯಿಲೆಯ ಪಟ್ಟಿಯೂ ಅವಳ ಚೀಲದಲ್ಲಿದೆ. ಎರಡನೆಯವರು ಗ್ರಾಮ ಪಂಚಾಯಿತಿಗೊಬ್ಬರಂತಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಮೂರು ಗಾಲಿಯ ಸ್ಕೂಟರಿನಲ್ಲಿ ಊರೂರು ಸುತ್ತಿ ಗುರುತಿನ ಚೀಟಿ, ಗಾಲಿಕುರ್ಚಿ, ಮಾಸಾಶನದ ಅರ್ಜಿಗಳಿಗೆ ಓಡಾಡುವ ಇವರ ಕೆಲಸಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲ. ಇಬ್ಬರಿಗೂ ಸಿಗುವುದು ಸಂಬಳವಲ್ಲ, ‘ಗೌರವಧನ’. ಅದು ಸಾಲದೆಂದು ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಧರಣಿ ಕೂತಿದ್ದರು. ಇತರರ ಮುಪ್ಪನ್ನು ನೋಡಿಕೊಳ್ಳುವವರಿಗೆ ತಮ್ಮ ಮುಪ್ಪಿನ ಭರವಸೆ ಬೇಕಿತ್ತು.

2020ರ ಮಾರ್ಚಿನಲ್ಲಿ ರಾಜ್ಯದ ಮೊದಮೊದಲ ಕೊರೊನಾ ಪ್ರಕರಣಗಳು ಕಂಡ ಊರುಗಳಲ್ಲಿ ಗೌರಿಬಿದನೂರೂ ಒಂದು. ಬೀದಿಗಳಿಗೆ ಅಡ್ಡಗಟ್ಟಿದ ಆ ದಿನಗಳಲ್ಲಿ ಔಷಧಿ ಚೀಟಿ ಹಿಡಿದು ಓಡಾಡಿದವರು, ಬಾಗಿಲಲ್ಲಿ ತರಕಾರಿ ಇಟ್ಟು ದೂರ ನಿಂತು ಕೂಗಿದವರು ಬೀದಿಯ ಯುವಕರೇ. ಮುಟ್ಟುವುದೇ ಅಪಾಯವಾದಾಗ ಧ್ವನಿಯೊಂದರಿಂದಲೇ ಆಸರೆ ಕೊಡಬೇಕಾಯಿತು. ಹಿರಿಯರಿಗಾಗಿ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಬಂದದ್ದು 2021ರಲ್ಲಿ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮತ್ತು ನಗರ ಪೊಲೀಸರು ಕೂಡಿ 2002ರಲ್ಲೇ 1090 ಸಂಖ್ಯೆಯ ಸಹಾಯವಾಣಿ ನಡೆಸತೊಡಗಿದ್ದರು.

ಹೊರಗಿನ ಮಾದರಿಗಳು

ಕೇರಳದ ಅನುಭವ ಇಲ್ಲಿಗೆ ಬಹಳ ಹತ್ತಿರದ್ದು. 1993ರಲ್ಲಿ ಕೋಯಿಕ್ಕೋಡಿನಲ್ಲಿ ಎಂ.ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದ ವೈದ್ಯರು ಆರಂಭಿಸಿದ ನೋವು ನಿವಾರಣೆಯ ಕೆಲಸ ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆ ಜಾಲವಾಗಿ ಬೆಳೆಯಿತು. ವಾರಕ್ಕೆ ಒಂದೆರಡು ಗಂಟೆ ಕೊಡಬಲ್ಲ ಅಂಗಡಿಯವರು, ಆಟೋದವರು, ವಿದ್ಯಾರ್ಥಿಗಳು ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಅದನ್ನು ನೀತಿಯಾಗಿಸಿತು. 1994ರಲ್ಲಿ ಹುಟ್ಟಿದ ಬೆಂಗಳೂರಿನ ಕರುಣಾಶ್ರಯ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಚಿಕ್ಕಬಳ್ಳಾಪುರದ ಹಳ್ಳಿಗಳಿಗೆ ಈ ಬಗೆಯ ಮನೆ ಆರೈಕೆ ತೀರ ಬೇಕಾದದ್ದು. ಬೆನ್ನುಹುಣ್ಣು ತೊಳೆದು ಕಟ್ಟುವುದನ್ನು, ಮಗ್ಗುಲು ಬದಲಿಸುವುದನ್ನು ಅರ್ಧ ದಿನದಲ್ಲಿ ಕಲಿಸಬಹುದು. ಆ ಅರ್ಧ ದಿನದ ಪಾಠ ಎಷ್ಟೋ ಜನರ ಕೊನೆಯ ತಿಂಗಳುಗಳನ್ನು ನರಳದಂತೆ ಕಾಪಾಡಬಲ್ಲದು.

ಮರೆವಿನ ಕಾಯಿಲೆಯನ್ನು ಇಲ್ಲಿ ಇನ್ನೂ ‘ಅರಳುಮರಳು’ ಎಂದು ಬಿಟ್ಟುಬಿಡುವುದೇ ಹೆಚ್ಚು. ನೆರೆಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಒಂದು ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಹಳ್ಳಿಗರ ನೆನಪು, ಆರೋಗ್ಯಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡುವುದು ಅದರ ಗುರಿ. ಇದೇ ಮಣ್ಣಿನ, ಇದೇ ಮುದ್ದೆ ಉಂಡ ಜನರ ಮುಪ್ಪನ್ನು ಅಷ್ಟು ಹತ್ತಿರದಿಂದ ಅಳೆಯುವ ಕೆಲಸವಿದು.

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಮರದ ಬೆಂಚಿನ ಮೇಲೆ ಕೂತು ಮನಸ್ಸು ಕುಗ್ಗಿದವರ ಮಾತು ಕೇಳುವ ಏರ್ಪಾಡು ಮಾಡಿದರು. ಅಲ್ಲಿನವರು ಆ ಕಾಯಿಲೆಯನ್ನು ಕರೆಯುವ ಹೆಸರಿಗೆ ‘ಅತಿಯಾಗಿ ಯೋಚಿಸುವುದು’ ಎಂದರ್ಥ; ನಮ್ಮವರ ‘ಯೋಚ್ನೆ ಹತ್ಕೊಂಡಿದೆ’ ಎಂಬ ಮಾತು ಅದೇ. ಆ ಏರ್ಪಾಡಿನಲ್ಲಿ ಹಿರಿಯರು ಸೇವೆ ಪಡೆಯುವವರಾಗಿ ಉಳಿಯದೆ ಸೇವೆ ಕೊಡುವವರಾದರು. ಇಲ್ಲಿ ಬೆಂಚಿನ ಬದಲು ಅರಳಿಕಟ್ಟೆಗಳಿವೆ, ಆದರೆ ಕಟ್ಟೆ ಗಂಡಸರದು. ಅಜ್ಜಿಯರಿಗೆ ಜಗುಲಿಯೋ ಅಂಗನವಾಡಿಯ ಅಂಗಳವೋ ಆಗಬೇಕು.

ಎಟುಕದವರು

ಈ ಆಸರೆ ಎಲ್ಲರಿಗೂ ಸಮನಾಗಿ ಸಿಗುತ್ತಿಲ್ಲ. ಬಟ್ಟಲು ದಾಟುವ ಗೋಡೆಗಳಿರುವಂತೆ ದಾಟದ ಗೋಡೆಗಳೂ ಇವೆ. ಜಾತಿಯ ಕೇರಿ ಮುಗಿದಲ್ಲಿ ಊಟದ ಕೊಡುಕೊಳ್ಳುವಿಕೆ ಇಂದಿಗೂ ನಿಲ್ಲುತ್ತದೆ. ಕಾಲೋನಿಯ ಒಂಟಿ ಮುದುಕಿಗೆ ಕಾಲೋನಿಯವರೇ ಗತಿ, ಅವರೋ ಬೆಳಗಾದರೆ ಕೂಲಿಗೆ ಹೋಗುವವರು. ತೋಟದ ಮನೆಗಳಲ್ಲಿ, ಕೋಳಿ ಫಾರಂಗಳಲ್ಲಿ ದುಡಿಯಲು ಹೊರಗಿನಿಂದ ಬಂದು ಇಲ್ಲೇ ಮುದುಕರಾದವರಿಗೆ ಇಲ್ಲಿನ ಪಡಿತರ ಚೀಟಿಯೂ ಕಷ್ಟ, ನೆಂಟರೂ ಇಲ್ಲ. ಹೆಂಡತಿ ತೀರಿಕೊಂಡ ಗಂಡಸರು ಇನ್ನೊಂದು ಬಗೆಯಲ್ಲಿ ಹೊರಗುಳಿಯುತ್ತಾರೆ: ಒಲೆ ಹಚ್ಚಲು ಬಾರದು, ಪಕ್ಕದ ಮನೆಯಲ್ಲಿ ಕೇಳಲು ಸಂಕೋಚ, ಹೆಂಗಸರಂತೆ ನೀರಿನ ಹತ್ತಿರವೋ ಡೈರಿ ಹತ್ತಿರವೋ ನೋವು ಹೇಳಿಕೊಳ್ಳುವ ಅಭ್ಯಾಸವೂ ಇಲ್ಲ.

ನೋಡಿಕೊಳ್ಳುವ ಕೆಲಸ ಹೆಂಗಸರ ಹೆಗಲಿಗೇ ಬಿದ್ದಿರುವುದು ಇನ್ನೊಂದು ಕೊರತೆ. ಎಂಬತ್ತರ ಅತ್ತೆಗೆ ಸ್ನಾನ ಮಾಡಿಸುವ ಸೊಸೆಗೂ ಅರವತ್ತಾಗಿರುತ್ತದೆ. ಅವಳಿಗೊಂದು ಮಧ್ಯಾಹ್ನ ಬಿಡುವು ಕೊಡುವುದೂ ಆಸರೆಯೇ. ಎನ್ನೆಸ್ಸೆಸ್ ಶಿಬಿರದ ವಿದ್ಯಾರ್ಥಿಗಳು ರಸ್ತೆ ಗುಡಿಸುವ ಜತೆಗೆ ಇದನ್ನೂ ಮಾಡಬಹುದು.

2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ಬಿಪಿ, ಸಕ್ಕರೆ ನೋಡಿ ಮಾತ್ರೆ ಕೊಡುವ ಏರ್ಪಾಡಿದೆ. ಹೀಗೆ ಬಂದವರು ಚಿಲಕ ಹಾಕಿದ ಬಾಗಿಲನ್ನು ಎರಡು ಸಲ ತಟ್ಟಿ, ಯಾರೂ ಇಲ್ಲವೆಂದು ಮುಂದಿನ ಮನೆಗೆ ಹೊರಡುವ ಹೊತ್ತಿಗೆ ಎದುರು ಮನೆಯ ಜಗುಲಿಯಿಂದ ಒಬ್ಬಳು ಕೂಗುತ್ತಾಳೆ: ‘ಒಳಗವ್ಳೆ ಮೇಡಂ. ಅಜ್ಜಿಗೆ ಕಿವಿ ಕೇಳ್ಸಲ್ಲ, ಹಿಂದ್ಗಡೆ ಕಿಟಕಿ ಹತ್ರ ಹೋಗಿ ಕೈ ಆಡ್ಸಿ, ಬರ್ತಾಳೆ.’